ಮೌನ ಹಿಡಿದು ಭಾಷೆ ಕಲಿಯಲು ಹೋದದ್ದು

ಪುಣೆಯ ಹಡಪಸರದ ನಮ್ಮ ಕಟ್ಟಡದಲ್ಲಿ ನನ್ನ ಅಡುಗೆಮನೆಯ ಕಿಟಕಿಯೂ ನನ್ನ ವಾರಗಿತ್ತಿಯ ಅಡುಗೆಮನೆಯ ಕಿಟಕಿಯೂ ಎದುರುಬದುರು ಇವೆ. ನಡುವೆ ನೀರಿನ ಪೈಪುಗಳು ಇಳಿಯುವ, ಬಾವಿಯಂಥ ಇಕ್ಕಟ್ಟಾದ ಸಂದು. ಅವಳ ಕುಕ್ಕರ್ ಕೂಗಿದರೆ ಸೀಟಿ ಎಣಿಸುವವಳು ನಾನು. ನನ್ನ ಒಗ್ಗರಣೆ ಸಿಡಿದರೆ ಸೀನುವವಳು ಅವಳು. ನಮ್ಮ ಗಂಡಂದಿರು, ಅಣ್ಣ ತಮ್ಮ ಇಬ್ಬರೂ, ಒಂದೇ ಮಹಡಿಯಲ್ಲಿ ಮನೆ ಹಿಡಿದಾಗ ಅದನ್ನು ದೇವರ ದಯೆ ಎಂದೇ ತಿಳಿದಿದ್ದೆ. ಕಳೆದ ವರ್ಷ ಅದೇ ಸಂದಿನಿಂದ ದಿನಾ ಬೆಳಿಗ್ಗೆ ಜಪಾನಿ ಭಾಷೆ ಕೇಳತೊಡಗಿತು. ಆಗ ಆ ದಯೆಯ ಮೇಲೇ ನನಗೆ ಸಿಟ್ಟು ಬಂತು.

ಹೊಟ್ಟೆಕಿಚ್ಚು ಎಂದೇ ಬರೆದುಬಿಡುತ್ತೇನೆ. ಅದಕ್ಕೆ ಬೇರೆ ಹೆಸರು ಕೊಟ್ಟು ನೋಡಿದ್ದೇನೆ. ಬೇಸರ ಎಂದೆ, ದಣಿವು ಎಂದೆ, ಪಿತ್ತ ಎಂದೆ. ಪಿತ್ತಕ್ಕೆಂದು ಒಂದು ವಾರ ಶುಂಠಿ ಕಷಾಯ ಕುಡಿದೆ. ಹೋಗಲಿಲ್ಲ.

ಜಪಾನಿ ಕಲಿಯುವ ಆಸೆ ನನ್ನದು, ಅವಳದಲ್ಲ. ಅದಕ್ಕೊಂದು ಕಾರಣವಿತ್ತು. ಹಡಪಸರಕ್ಕೆ ಬರುವ ಮೊದಲು ನಾವು ವಿಮಾನ ನಗರದಲ್ಲಿ ಬಾಡಿಗೆಗೆ ಇದ್ದೆವು. ಪಕ್ಕದ ಮನೆಗೆ ಒಂದು ಜಪಾನಿ ಸಂಸಾರ ಬಂದು ಎರಡು ವರ್ಷ ಇತ್ತು. ಆ ಮನೆಯಾಕೆ ನನ್ನ ವಾರಿಗೆಯವಳು. ಆಕೆಗೆ ಇಂಗ್ಲಿಷು ನನ್ನಷ್ಟೇ ಬರುತ್ತಿತ್ತು, ಅಂದರೆ ಬರುತ್ತಿರಲಿಲ್ಲ. ಹಬ್ಬಕ್ಕೆ ಹೋಳಿಗೆ ಕೊಟ್ಟರೆ ಡಬ್ಬಿಯನ್ನು ತೊಳೆದು, ಒರೆಸಿ, ಒಂದು ಚೌಕದ ಬಟ್ಟೆಯಲ್ಲಿ ಗಂಟುಕಟ್ಟಿ ತರುತ್ತಿದ್ದಳು. ಖಾಲಿ ಡಬ್ಬಿ ಎಂದೂ ಮರಳಿಸಲಿಲ್ಲ. ಒಳಗೆ ಏನಾದರೂ ಇರುತ್ತಿತ್ತು, ಎರಡು ಬಿಸ್ಕೀಟಾದರೂ. ನಮ್ಮಲ್ಲೂ ಹಾಗೆಯೇ ಎಂದು ಆಕೆಗೆ ಯಾರು ಹೇಳಿದ್ದರೋ. ನನ್ನ ದೇವರ ಕೋಣೆಯ ಹೊಸ್ತಿಲ ಹೊರಗೇ ನಿಂತು, ಕೈ ಕಟ್ಟಿಕೊಂಡು, ಆರತಿ ಮುಗಿಯುವ ತನಕ ನೋಡುತ್ತಿದ್ದಳು. ಊರಿಗೆ ಹೊರಟ ದಿನ ಬಾಗಿಲಲ್ಲಿ ನನ್ನ ಎರಡೂ ಕೈ ಹಿಡಿದು, ನಿಧಾನವಾಗಿ, ಬಹಳ ಉದ್ದದ ಒಂದು ಮಾತು ಹೇಳಿದಳು. ಆಮೇಲೆ ಬಾಗಿದಳು. ಕಣ್ಣು ತುಂಬಿದ್ದವು. ನಾನು "ಮತ್ತ ಬರ್ರಿ" ಎಂದೆ. ಬೇರೇನು ಹೇಳಲಿಕ್ಕಾಗುತ್ತಿತ್ತು. ಲಿಫ್ಟಿನ ಬಾಗಿಲು ಮುಚ್ಚಿತು.

ಆಕೆ ಏನು ಹೇಳಿದಳೆಂದು ತಿಳಿಯಬೇಕು ಎಂಬುದು ನನ್ನ ಆಸೆ. ಅರ್ಥ ಗೊತ್ತಿಲ್ಲ, ಆದರೆ ಆ ಮಾತಿನ ಕೊನೆಯ ತುಂಡಿನ ಸದ್ದು ಇನ್ನೂ ಕಿವಿಯಲ್ಲಿದೆ. ಇದನ್ನು ಯಾರಿಗೂ ಹೇಳಿರಲಿಲ್ಲ. ಇವರಿಗೆ ಹೇಳಿದರೆ ನಗುತ್ತಿದ್ದರು.

ಕಳೆದ ವರ್ಷ ಆಷಾಢದ ಮುಂಚೆ ಹೂವಿನವಳು ಮಲ್ಲಿಗೆ ಸುತ್ತಿಕೊಟ್ಟ ಮರಾಠಿ ಪೇಪರಿನ ತುಂಡಿನಲ್ಲಿ ಒಂದು ಪ್ರಕಟಣೆ ಕಂಡಿತು. ಶಿವಾಜಿನಗರದ ಕಡೆ, ವಿಶ್ವವಿದ್ಯಾಲಯದ ವಿದೇಶಿ ಭಾಷೆಗಳ ವಿಭಾಗದಲ್ಲಿ ಸಂಜೆಯ ತರಗತಿಗಳು, ಜಪಾನಿಯೂ ಇತ್ತು, ವಯಸ್ಸಿನ ಮಿತಿ ಇಲ್ಲ. ನಾನು ಧಾರವಾಡದಲ್ಲಿ ಬಿ.ಎ. ಮಾಡಿದವಳು. ದೇವರ ಹೂವಿನ ಜೊತೆ ಬಂದದ್ದು ದೇವರೇ ಕಳಿಸಿದ್ದು ಎಂದುಕೊಂಡು ಪೇಪರನ್ನು ಒಣಗಿಸಿ ಇಟ್ಟುಕೊಂಡೆ. ಸಂಜೆ ಬಸ್ಸಿನಲ್ಲಿ ಒಬ್ಬಳೇ ಹೋಗಿಬರಲು ಅಂಜಿಕೆ. ಅದಕ್ಕೆ ಕಿಟಕಿಯಿಂದ ವಾರಗಿತ್ತಿಗೆ ಹೇಳಿದೆ.

"ನಾನೂ ಬರ್ತೀನ್ರಿ ಅಕ್ಕಾ," ಎಂದಳು, ಹಿಟ್ಟಿನ ಕೈಯಲ್ಲೇ. "ಮನ್ಯಾಗ ಕೂತು ಕೂತು ಭಾಳ ಬ್ಯಾಸರಾಗೇದ."

ಅವಳಿಗೆ ಅದು ಬೇಸರ ಕಳೆಯುವ ದಾರಿ. ಬೆಳಗಾವಿಯವಳು, ನನಗಿಂತ ಹತ್ತು ವರ್ಷ ಚಿಕ್ಕವಳು, ಮರಾಠಿ ಮಾತಾಡಿದರೆ ಪುಣೆಯವರೇ "ನೀವು ಸದಾಶಿವ ಪೇಟೆಯವರೇನು" ಎಂದು ಕೇಳುತ್ತಾರೆ, ಅಷ್ಟು ಅಚ್ಚ ಮರಾಠಿ. ಸ್ಕೂಟರ್ ಓಡಿಸುತ್ತಾಳೆ. ಚಪಾತಿ ನನ್ನದಕ್ಕಿಂತ ತೆಳ್ಳಗೆ. ಅವಳಲ್ಲಿ ಇಲ್ಲದ್ದು, ನನ್ನಲ್ಲಿ ಇರುವುದು ಒಂದೇ: ವ್ರತ ನೇಮ. ಅದನ್ನು ಹಿಡಿದುಕೊಂಡೇ ನಾನು ಆ ಮನೆತನದಲ್ಲಿ ಹಿರಿಯ ಸೊಸೆಯಾಗಿ ನಿಂತಿದ್ದೆ.

ಅರ್ಜಿ ಹಾಕಿದ ಮೇಲೆ ಆಷಾಢ ಏಕಾದಶಿ ಬಂತು. ನಮ್ಮವರಲ್ಲಿ ಅಂದಿನಿಂದ ನಾಲ್ಕು ತಿಂಗಳು ಚಾತುರ್ಮಾಸ. ಹೆಂಗಸರು ಮಠಕ್ಕೆ ಹೋಗಿ ಒಂದೊಂದು ವ್ರತ ಹಿಡಿಯುತ್ತೇವೆ. ನಾನು ಪ್ರತಿವರ್ಷ ಗೋಪದ್ಮ ಹಾಕುವವಳು. ದೇವರ ಮುಂದೆ ದಿನಕ್ಕೆ ಮೂವತ್ತಮೂರು ಪದ್ಮಗಳ ರಂಗೋಲಿ. ಆ ಸಲ ಅದರ ಮೇಲೆ ಇನ್ನೊಂದು ಸೇರಿಸಿದೆ: ಸ್ನಾನ ಮಾಡಿದಾಗಿನಿಂದ ನೈವೇದ್ಯ ಆಗುವ ತನಕ ಮೌನ. ಇವರ ಡಬ್ಬಿಯ ಅಡುಗೆ ಬೇರೆ, ದೇವರ ಮಡಿ ಅಡುಗೆ ಬೇರೆ. ಎಲ್ಲ ಮುಗಿದು ನೈವೇದ್ಯ ಆಗಲು ಹನ್ನೆರಡು. ವಾರಗಿತ್ತಿ ನನ್ನ ಹಿಂದೆಯೇ ನಿಂತಿದ್ದಳು. ಆಚಾರ್ಯರು ಕೇಳಿದಾಗ "ನಂದು ಬರೇ ನಮಸ್ಕಾರ್ರಿ" ಎಂದು ನಕ್ಕಳು. ಹತ್ತು ಹೆಂಗಸರು ನನ್ನ ಕಡೆ ನೋಡಿದರು. ನನಗೆ ಹಿತವಾಯಿತು.

ಎಂಟು ದಿನಕ್ಕೆ ಸಂದೇಶ ಬಂತು. ಸೀಟುಗಳು ಕಡಿಮೆ, ಅರ್ಜಿಗಳು ಹೆಚ್ಚು, ಆದ್ದರಿಂದ ಪ್ರತಿಯೊಬ್ಬರನ್ನೂ ಕರೆದು ನೋಡುತ್ತಾರೆ ಎಂದು. ನನ್ನನ್ನು ಕರೆದದ್ದು ಬೆಳಿಗ್ಗೆ ಹತ್ತೂವರೆಗೆ. ಅವಳನ್ನು ಅದೇ ದಿನ ಮಧ್ಯಾಹ್ನ ಮೂರಕ್ಕೆ. ಆ ದಿನ ಬೆಳಿಗ್ಗೆ ನಾನು ಪದ್ಮ ಹಾಕುತ್ತಿದ್ದಾಗ ಅವಳು ಬಂದು ಬಾಗಿಲಲ್ಲಿ ನಿಂತಳು.

"ಅಕ್ಕಾ, ನಾ ಫೋನ್ ಮಾಡಿ ಕೇಳ್ಲೇನು? ನನ್ನ ವ್ಯಾಳ್ಯಾ ನೀವು ತೊಗೋರಿ, ನಿಮ್ದು ನಾ ತೊಗೋತೀನಿ. ಇಲ್ಲಾ ಇವತ್ತೊಂದಿನ ಮೌನ ಬಿಡ್ರಿ. ದೇವ್ರೇನು ಹಾಜರಿ ಪುಸ್ತಕ ಇಟ್ಟಾನೇನು."

ನಾನು ತಲೆ ಅಲ್ಲಾಡಿಸಿ ಬೇಡವೆಂದೆ. ಬಿಟ್ಟರೆ ಅವಳೆದುರಿಗೆ ಬಿಟ್ಟಂತಾಗುತ್ತದೆ. ಇವಳ ಉಪಕಾರದಿಂದ ನನ್ನ ವ್ರತ ನಡೆಯಿತು ಎಂದಾಗುವುದೂ ಬೇಡವಿತ್ತು. ಬರೆಯುವ ಪರೀಕ್ಷೆ ಇದ್ದೀತು, ದೇವರು ದಾರಿ ತೋರಿಸುತ್ತಾನೆ ಎಂದುಕೊಂಡೆ.

ಇವರು ಬಸ್ ಸ್ಟಾಪಿಗೆ ಬಿಡುವಾಗ ಹೇಳಿದರು: "ಮಂದಿ ಮಾತು ಕಲೀಲಿಕ್ಕೆ ಬಾಯಿ ತೊಗೊಂಡು ಹೋಗ್ತಾರ. ನೀ ಬಾಯಿ ಮನ್ಯಾಗ ಇಟ್ಟು ಹೊಂಟೀದಿ." ನಾನು ಉತ್ತರ ಕೊಡುವಂತಿರಲಿಲ್ಲ. ಅದು ಅವರಿಗೆ ಗೊತ್ತಿತ್ತು. ದಾರಿಯುದ್ದಕ್ಕೂ ಇನ್ನಷ್ಟು ಮಾತಾಡಿದರು.

ಕೋಣೆಯಲ್ಲಿ ಮರಾಠಿ ಹೆಂಗಸೊಬ್ಬರು ಕೂತಿದ್ದರು. ನರೆತ ಮೋಟು ಕೂದಲು, ನೂಲಿನ ಸೀರೆ. ಅವರೇ ಜಪಾನಿಯ ಪ್ರಾಧ್ಯಾಪಕಿ. ನಾನು ಮನೆಯಿಂದ ಬರೆದು ತಂದ ಚೀಟಿ ಕೊಟ್ಟೆ: ನೈವೇದ್ಯದ ತನಕ ನನಗೆ ಮೌನ ಇದೆ, ಕ್ಷಮಿಸಬೇಕು. ಅವರು ಎರಡು ಸಲ ಓದಿ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಅಹೋ, ತುಮ್ಹೀ ಭಾಷಾ ಶಿಕಾಯಲಾ ಆಲಾತ ನಾ?" ನೀವು ಭಾಷೆ ಕಲಿಯಲಿಕ್ಕೇ ಬಂದದ್ದಲ್ಲವೇ, ಎಂದು.

ಹೌದೆಂದು ಗೋಣು ಹಾಕಿದೆ. ಅಲ್ಲಿ ನಡೆಯುತ್ತಿದ್ದುದು ಇಷ್ಟೇ: ಅವರು ಒಂದು ಜಪಾನಿ ವಾಕ್ಯ ಹೇಳುವುದು, ನಾವು ಕೇಳಿಸಿಕೊಂಡು ತಿರುಗಿ ಹೇಳುವುದು. ಅರ್ಥ ಗೊತ್ತಿರಬೇಕಾಗಿಲ್ಲ, ಕಿವಿ ಹೇಗಿದೆ, ನಾಲಿಗೆ ಹೇಗೆ ಹೊರಳುತ್ತದೆ ಎಂದು ನೋಡುವುದು. ಪಾಪ, ಅವರು ಮೂರು ವಾಕ್ಯ ಹೇಳಿದರು. ಪ್ರತಿಯೊಂದರ ನಂತರ ಸ್ವಲ್ಪ ಹೊತ್ತು ಬಿಟ್ಟರು. ಆ ಹೊತ್ತಿನಲ್ಲಿ ಫ್ಯಾನು ತಿರುಗಿತು. ಮೂರೂ ವಾಕ್ಯಗಳು ನನ್ನ ಬಾಯಲ್ಲಿ ಬಂದು ಹಲ್ಲಿನ ಹಿಂದೆ ನಿಂತಿದ್ದವು. ಆಮೇಲೆ ಅವರು, ಹನ್ನೆರಡರ ತನಕ ಹೊರಗೆ ಕೂತಿರಿ, ಕೊನೆಗೆ ಕರೆಯುತ್ತೇನೆ ಎಂದರು. ಆದರೆ ನನ್ನ ಮೌನ ಗಡಿಯಾರ ನೋಡಿ ಬಿಡುವುದಲ್ಲ, ನೈವೇದ್ಯ ಆಗಬೇಕು. ನೈವೇದ್ಯ ಹಡಪಸರದಲ್ಲಿ. ಅದನ್ನು ಬಾಯಿ ಮುಚ್ಚಿಕೊಂಡು ಹೇಗೆ ವಿವರಿಸುವುದು. ತಲೆ ಅಲ್ಲಾಡಿಸಿದೆ. ನನಗೇ ಬೇಡವಾಗಿದೆ ಎಂದು ಅವರು ತಿಳಿದರು. ಕೈ ಮುಗಿದು ಎದ್ದು ಬಂದೆ.

ಮನೆಗೆ ಬಂದು ಮತ್ತೆ ಸ್ನಾನ, ಅಡುಗೆ, ನೈವೇದ್ಯ. ಮೌನ ಬಿಟ್ಟಾಗ ಎರಡು ಗಂಟೆ. ವಾರಗಿತ್ತಿ ಸೀರೆ ಉಟ್ಟು ಹೊರಟಿದ್ದವಳು ಕಿಟಕಿಯಲ್ಲಿ ನಿಂತು, "ಹೆಂಗಾತ್ರಿ ಅಕ್ಕಾ?" ಎಂದಳು.

"ಭಾಳ ಛಲೋ ಆತು," ಎಂದೆ. ಅಷ್ಟು ಹೊತ್ತು ಕಾಯ್ದುಕೊಂಡ ಮೌನದ ನಂತರ ನನ್ನ ಬಾಯಿಂದ ಬಂದ ಮೊದಲ ಮಾತು ಸುಳ್ಳು.

ಪಟ್ಟಿಯಲ್ಲಿ ಅವಳ ಹೆಸರು ಬಂತು. ನನ್ನದು ಬರಲಿಲ್ಲ. ಅವಳು ಪೇಢೆ ತಂದುಕೊಟ್ಟಳು. ದೇವರ ಮುಂದಿಟ್ಟು ತಿಂದೆ. ಸಂಜೆ ದೀಪ ಹಚ್ಚಿದಾಗ ಆ ದಿನ ದೇವರು ಮಾಡಿದ ಉಪಕಾರಗಳನ್ನು ಮನಸ್ಸಿನಲ್ಲಿ ನೆನೆಯುವುದು ನನ್ನ ರೂಢಿ. ನಾಲ್ಕೈದಾದರೂ ಸಿಗುತ್ತವೆ. ಅಂದು ಎಷ್ಟು ಹುಡುಕಿದರೂ ಹಾಲು ಒಡೆಯಲಿಲ್ಲ ಎಂಬುದೊಂದೇ ಸಿಕ್ಕಿತು.

ಆಮೇಲಿನ ವರ್ಷ ಹೇಗೆ ಕಳೆಯಿತು ಎಂದು ಹೇಳಲು ನಾಚಿಕೆಯಾಗುತ್ತದೆ. ಅವಳು ಹೊಸ ಚೀಲ ತಂದಳು. ಚೀಲದಲ್ಲಿ ಪೆನ್ಸಿಲಿನ ಚಿಕ್ಕ ಚೀಲ. ಅವಳ ಅರ್ಧ ವಯಸ್ಸಿನ ಹುಡುಗಿಯರು ಅವಳನ್ನು ಕಾಕೂ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತ, ಅವಳ ಡಬ್ಬಿಯ ಗಿರಮಿಟ್ಟು ತಿನ್ನುತ್ತಿದ್ದರಂತೆ. ಸಂಜೆ ಹೊರಡುವಾಗ ಅವಳ ಬಾಗಿಲು ಎಳೆದುಕೊಳ್ಳುವ ಸದ್ದಿಗೆ ನನ್ನ ಕೈಯಲ್ಲಿನ ಕೆಲಸ ನಿಲ್ಲುತ್ತಿತ್ತು. ಬಂದ ಮೇಲೆ ಕಿಟಕಿಯಲ್ಲಿ ನಿಂತು ವರದಿ ಒಪ್ಪಿಸುತ್ತಿದ್ದಳು.

"ಅಕ್ಕಾ, ಅವರೂ ನಮ್ಮಂಗ ಚಪ್ಪಲಿ ಹೊರಗ ಬಿಡ್ತಾರ್ರಿ. ಮತ್ತ ಖಾಲಿ ಭಾಂಡೆ ತಿರುಗಿ ಕೊಡೂದಿಲ್ಲಂತ. ಏನಾರೆ ಹಾಕೇ ಕೊಡ್ತಾರಂತ. ಗೊತ್ತಿತ್ತೇನ್ರಿ ನಿಮಗ?"

"ಹೌದೇನು," ಎನ್ನುತ್ತಿದ್ದೆ. ಅವಳು ಪುಸ್ತಕದಲ್ಲಿ ಓದಿದ್ದನ್ನು ನಾನು ಎರಡು ವರ್ಷ ಕಣ್ಣಾರೆ ಕಂಡಿದ್ದೆ. ಆ ಚೌಕದ ಬಟ್ಟೆ ಒಂದು ಈಗಲೂ ನನ್ನ ಕಪಾಟಿನಲ್ಲಿದೆ. ಹೇಳಲಿಲ್ಲ. ಅದೊಂದಾದರೂ ನನ್ನದಾಗಿರಲಿ ಎಂದು.

ಚಳಿಗಾಲದಲ್ಲಿ ವಿಭಾಗದಲ್ಲಿ ಸಂಸ್ಕೃತಿಯ ದಿನ ಎಂದು ಮಾಡಿದರು. ಜಪಾನಿನಿಂದ ಅತಿಥಿಗಳು ಬರುತ್ತಾರೆ, ವಿದ್ಯಾರ್ಥಿಗಳು ತಮ್ಮ ಮನೆಯ ಒಂದು ರೂಢಿಯನ್ನು ತೋರಿಸಿ ಜಪಾನಿಯಲ್ಲಿ ವಿವರಿಸಬೇಕು. ಅವಳು ನನ್ನ ಹತ್ತಿರ ಬಂದಳು. "ಗೋಪದ್ಮ ಕಲಿಸಿ ಕೊಡ್ರಿ ಅಕ್ಕಾ. ನಿಮ್ಮಷ್ಟು ಛಂದ ಪುಣೇದಾಗ ಯಾರೂ ಹಾಕೂದಿಲ್ಲ."

"ಅದು ವ್ರತದ ರಂಗೋಲಿ," ಎಂದೆ. "ಮಂದಿಗೆ ತೋರ್ಸೂದಲ್ಲ."

"ಅದೂ ಖರೇನ ಬಿಡ್ರಿ," ಎಂದು ಹೋದಳು. ವಾದ ಮಾಡಲಿಲ್ಲ. ಮಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಹಿಂದೊಮ್ಮೆ ಆ ಜಪಾನಿ ನೆರೆಯವಳು ನೋಡಲಿ ಎಂದು ನಾನೇ ಗೋಪದ್ಮದ ಮುಂದೆ ಎರಡು ದೀಪ ಹೆಚ್ಚಿಗೆ ಇಟ್ಟಿದ್ದೆ. ಅದು ನನಗೆ ನೆನಪಿತ್ತು.

ಅವಳು ತನಗೆ ತಿಳಿದಂತೆ ಹಾಕಿದಳು. ಫೋನಿನಲ್ಲಿ ಮನೆಯವರ ಗುಂಪಿಗೆ ಫೋಟೋ ಬಂತು: ಅವಳು ರೇಷ್ಮೆ ಸೀರೆ ಉಟ್ಟು ರಂಗೋಲಿಯ ಹತ್ತಿರ ಮಂಡಿಯೂರಿ ಕೂತಿದ್ದಾಳೆ, ಸುತ್ತ ನಾಲ್ಕು ಜನ ಜಪಾನಿನವರು ಬಾಗಿ ನೋಡುತ್ತಿದ್ದಾರೆ. ನಾನು ಎರಡು ಬೆರಳಿನಿಂದ ಫೋಟೋ ದೊಡ್ಡದು ಮಾಡಿ ಪದ್ಮಗಳನ್ನು ಎಣಿಸಿದೆ. ಮೂವತ್ತೊಂದು. ಮತ್ತೆ ಎಣಿಸಿದೆ. ಮೂವತ್ತೊಂದೇ. ಅಂದು ಸಂಜೆ ಹೆಸರುಬೇಳೆ ಪಾಯಸ ಮಾಡಿದೆ. ಇವರು "ಇವತ್ತೇನು ವಿಶೇಷ?" ಎಂದರು. "ಏನಿಲ್ಲ, ಹಾಲಿತ್ತು," ಎಂದೆ.

ಇಷ್ಟರ ನಡುವೆ ನನಗೇ ತಿಳಿಯದಂತೆ ಇನ್ನೊಂದು ನಡೆದಿತ್ತು. ಅವಳು ದಿನಾ ಬೆಳಿಗ್ಗೆ ಒಲೆಯ ಮುಂದೆ ನಿಂತು ಪಾಠ ಒಪ್ಪಿಸುತ್ತಿದ್ದಳು. ನಾನು ಈಚೆ ಬತ್ತಿ ಹೊಸೆಯುತ್ತಲೋ ಹಿಟ್ಟು ನಾದುತ್ತಲೋ ಇರುತ್ತಿದ್ದೆ. ಕಿವಿಗೆ ಮಡಿಯಿಲ್ಲ, ಬಾಗಿಲಿಲ್ಲ. ಜಪಾನಿನವರಲ್ಲಿ ತಿಂಗಳಿನ ಮೊದಲ ಹತ್ತು ದಿನಗಳಿಗೆ ಬೇರೆಯದೇ ಹೆಸರುಗಳಿವೆ, ನಮ್ಮ ಪಾಡ್ಯ ಬಿದಿಗೆ ತದಿಗೆ ಇದ್ದಂತೆ. ಅವಳು ಆ ಪಟ್ಟಿಯಲ್ಲಿ ಯಾವಾಗಲೂ ಎಡವುತ್ತಿದ್ದಳು. ನಾನು ಪಂಚಾಂಗ ನೋಡುವವಳು; ಒಂದೊಂದನ್ನು ಒಂದೊಂದು ತಿಥಿಗೆ ಕಟ್ಟಿ ಇಟ್ಟುಕೊಂಡಿದ್ದೆ. ಚೌತಿಗೆ ಯೊಕ್ಕಾ, ಪಂಚಮಿಗೆ ಇತ್ಸುಕಾ. ಬತ್ತಿ ಎಣಿಸುವಾಗ ಮನಸ್ಸು ತಾನಾಗಿ ಅದನ್ನೇ ಹೇಳಿಕೊಳ್ಳುತ್ತಿತ್ತು. ದೇವರ ಬತ್ತಿಗೆ ಇಂಥ ಎಣಿಕೆ ಸಲ್ಲುತ್ತದೋ ಇಲ್ಲವೋ, ಆಚಾರ್ಯರನ್ನು ಕೇಳುವ ಧೈರ್ಯ ಆಗಲಿಲ್ಲ.

ಈ ವರ್ಷ ಮತ್ತೆ ಆಷಾಢ ಬಂತು. ನಾನು ಮತ್ತೆ ಮೌನವನ್ನೇ ಹಿಡಿದೆ. ಬಿಟ್ಟರೆ ಹೋದ ವರ್ಷದ್ದು ತಪ್ಪಾಯಿತು ಎಂದು ಒಪ್ಪಿಕೊಂಡಂತೆ. ಅವಳು ಒಂದು ಮಧ್ಯಾಹ್ನ ಹೊಸ ಅರ್ಜಿಯ ಫಾರ್ಮ್ ತಂದು ಕಟ್ಟೆಯ ಮೇಲಿಟ್ಟು, "ಶುಕ್ರವಾರ ಕಡೀ ದಿನ್ರಿ ಅಕ್ಕಾ," ಎಂದಳು. "ಈಗ ನನಗೇನು ಹುಚ್ಚಿಲ್ಲ," ಎಂದೆ. ಫಾರ್ಮನ್ನು ದೀಪದೆಣ್ಣೆಯ ಡಬ್ಬಿಯ ಕೆಳಗೆ ತಳ್ಳಿದೆ. ಹರಿಯಲಿಲ್ಲ, ಡಬ್ಬಿಯ ಕೆಳಗೆ ಇಟ್ಟೆ ಅಷ್ಟೇ. ಇನ್ನೊಂದು ಸಲ ಕೇಳಿದರೆ ಹೂಂ ಎನ್ನೋಣ ಎಂದಿದ್ದೆ. ಅವಳು ಕೇಳಲಿಲ್ಲ.

ಗುರುವಾರ ಬೆಳಿಗ್ಗೆ. ಅಂದು ಅವಳಿಗೆ ಎರಡನೆಯ ವರ್ಷಕ್ಕೆ ಹೋಗುವ ಬಾಯಿಪರೀಕ್ಷೆ. ಕಿಟಕಿಯಾಚೆ ಹಳೆಯ ಪಾಠವೆಲ್ಲ ಒಪ್ಪಿಸುತ್ತಿದ್ದಳು. ನಾನು ಮಡಿಯಲ್ಲಿ, ಮೌನದಲ್ಲಿ, ಬತ್ತಿ ಹೊಸೆಯುತ್ತಿದ್ದೆ. ಹತ್ತು ದಿನಗಳ ಪಟ್ಟಿ ಬಂತು. ಏಳಕ್ಕೆ ಬಂದು ನಿಂತಳು. "ನಾನೊಕಾ... ನಾನೊಕಾ..." ಮತ್ತೆ ಮೊದಲಿನಿಂದ. ಮತ್ತೆ ನಾನೊಕಾ. ಸಪ್ತಮಿಗೆ ಬಂದು ನಿಲ್ಲುತ್ತಾಳೆ, ಅಷ್ಟಮಿ ಸಿಗುವುದಿಲ್ಲ. ಮೂರನೆಯ ಸಲವೂ ಹಾಗೆಯೇ ಆಯಿತು.

"ಯೋಕಾ," ಎಂದೆ ನಾನು. "ಕೊಕೊನೊಕಾ. ತೋಕಾ."

ಆಚೆ ಒಲೆ ಆರಿಸಿದ ಸದ್ದಾಯಿತು. ಆಮೇಲೆ ಅವಳ ಮುಖ ಕಿಟಕಿಗೆ ಬಂತು. "ಅಕ್ಕಾ, ನೀವೇನ್ರಿ?"

ಹೇಳಿದ್ದನ್ನು ಹಿಂದಕ್ಕೆ ಎಳೆದುಕೊಳ್ಳುವಂತಿರಲಿಲ್ಲ.

"ಮೌನ ಇತ್ತಲ್ರಿ ನಿಮ್ದು."

"ಇತ್ತು."

"ಮುರೀತಲ್ರಿ."

"ಮುರೀತು ಬಿಡು. ನೀ ದಿನಾ ಹಿಂಗ ಎಂಟನೇದ್ದು ನುಂಗಿದ್ರ ಯಾರು ಸುಮ್ಮ ಕೂಡ್ತಾರ. ವರ್ಷಾತು ಕೇಳ್ಲಿಕ್ಕೆ ಹತ್ತಿ."

ಅವಳು ಕಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಕಣ್ಣೊರೆಸಿಕೊಂಡು, "ಮತ್ತೊಮ್ಮೆ ಹೇಳ್ರಿ," ಎಂದಳು. ಒಂದರಿಂದ ಹತ್ತರ ತನಕ ಹೇಳಿದೆ, ತಿಥಿಗಳನ್ನು ಜೋಡಿಸಿ. ಅವಳು ನನ್ನ ಹಿಂದೆಯೇ ಹೇಳಿದಳು. ಅವಳು ನನ್ನ ಹಿಂದೆ ಹೇಳಿದ್ದು ನನಗೆ ಎಷ್ಟು ರುಚಿಸಿತೆಂದರೆ ಇನ್ನೆರಡು ಸಲ ಹೇಳಿಸಿದೆ.

ಅವಳ ಮೇಲಿನ ಪ್ರೀತಿಯಿಂದ ವ್ರತ ಮುರಿಯಿತು ಎಂದು ಬರೆದರೆ ಓದುವವರಿಗೆ ಚೆನ್ನಾಗಿರುತ್ತದೆ. ಹಾಗಲ್ಲ. ನನಗೆ ಸಿಗದ ಸೀಟಿನಲ್ಲಿ ಒಂದು ವರ್ಷ ಕೂತು ಬಂದವಳಿಗೆ ಬರುವುದಿಲ್ಲ, ಅಡುಗೆಮನೆಯಲ್ಲಿ ನಿಂತ ನನಗೆ ಬರುತ್ತದೆ. ಅದನ್ನು ಬಾಯಲ್ಲಿ ಇಟ್ಟುಕೊಳ್ಳಲು ಆಗಲಿಲ್ಲ. ದೇವರ ಮುಂದೆ ಹೋಗಿ ಇದನ್ನೇ ಹೇಳಿ ತಪ್ಪುಕಾಣಿಕೆ ಇಟ್ಟೆ. ಆಮೇಲೆ ಎಣ್ಣೆ ಡಬ್ಬಿ ಎತ್ತಿದೆ. ಫಾರ್ಮಿನ ಮೇಲೆ ಡಬ್ಬಿಯ ಅಡಿಯಷ್ಟೇ ದುಂಡಗಿನ ಜಿಡ್ಡಿನ ಗುರುತು. ಅವಳು ಅದನ್ನು ನೋಡಿ, "ಎಣ್ಣಿ ಹತ್ತೇದಲ್ರಿ," ಎಂದಳು, ಅಷ್ಟೇ. ಇನ್ನೊಂದು ತರಲು ಹೊತ್ತಿರಲಿಲ್ಲ. ಅದನ್ನೇ ತುಂಬಿ ಅವಳ ಕೈಯಲ್ಲೇ ಕಳಿಸಿದೆ.

ಈ ಸಲ ನನ್ನನ್ನು ಕರೆದದ್ದು ಹನ್ನೊಂದಕ್ಕೆ. ಅಂದು ನಾಲ್ಕಕ್ಕೆ ಎದ್ದು ಸ್ನಾನ ಮಾಡಿ, ಮಡಿ ಅಡುಗೆ ಮಾಡಿ, ಮೂವತ್ತಮೂರು ಪದ್ಮ ಹಾಕಿ, ಏಳೂವರೆಗೆ ನೈವೇದ್ಯ ಮುಗಿಸಿದೆ. ಮೌನ ಅಲ್ಲಿಗೆ ಮುಗಿಯಿತು. ಹೋದ ವರ್ಷವೂ ಇಷ್ಟೇ ಮಾಡಬಹುದಿತ್ತು. ಹೊಳೆಯಲಿಲ್ಲ ಎನ್ನಲಾರೆ. ಹೊಳೆದಿತ್ತು. ಆದರೆ ಏಳೂವರೆಗೆ ಮುಗಿಯುವ ಮೌನವನ್ನು ನೋಡುವವರು ಯಾರು? ಹನ್ನೆರಡರ ತನಕ ಇದ್ದರೆ ಎದುರಿನ ಕಿಟಕಿಗೆ ಗೊತ್ತಾಗುತ್ತಿತ್ತು.

ಪ್ರಾಧ್ಯಾಪಕಿ ನನ್ನನ್ನು ಮರೆತಿರಲಿಲ್ಲ. ಜಿಡ್ಡಿನ ಫಾರ್ಮನ್ನು ಎರಡು ಬೆರಳಲ್ಲಿ ಹಿಡಿದು, "ಆಜ ಬೋಲಣಾರ ಕಾ?" ಎಂದರು. ಇವತ್ತು ಮಾತಾಡುತ್ತೀರಾ, ಎಂದು.

"ಬೋಲತೇ," ಎಂದೆ. ಅವರು ಮೂರು ವಾಕ್ಯ ಹೇಳಿದರು. ನಾನು ಮೂರನ್ನೂ ತಿರುಗಿ ಹೇಳಿದೆ. ಅವರು ಎಲ್ಲಿ ಕಲಿತಿರಿ ಎಂದು ಕೇಳಿದರು. ಅಡುಗೆಮನೆಯಲ್ಲಿ ಎಂದೆ. ಪಟ್ಟಿಯಲ್ಲಿ ನನ್ನ ಹೆಸರು ಕೆಳಗಿನಿಂದ ಮೂರನೆಯದು. ಇದ್ದದ್ದೇ ದೊಡ್ಡದು.

ಈಗ ವಾರಕ್ಕೆ ಮೂರು ಸಂಜೆ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗುತ್ತೇವೆ. ನನ್ನ ತರಗತಿ ಕೆಳಗಿನ ಮಹಡಿಯಲ್ಲಿ, ಅವಳದು ಮೇಲೆ. ಮೆಟ್ಟಿಲಿನ ಹತ್ತಿರ ಅವಳು ಹತ್ತಿ ಹೋಗುವುದನ್ನು ನೋಡಿದಾಗ ಅದೇ ಹಳೆಯ ಹೊಟ್ಟೆಕಿಚ್ಚು ಏಳುತ್ತದೆ. ಅವಳು ಬರೆಯುವ ಅಕ್ಷರ ಅಚ್ಚಿನಂತೆ. ನನ್ನದು ಒಣಗಿದ ಮೆಂತ್ಯದ ಕಡ್ಡಿಗಳಂತೆ. ಬಸ್ಸಿನಲ್ಲಿ ನಾನು ಬರೆಯುವ ವಹಿ ತೆಗೆದು ತಿದ್ದುತ್ತಾಳೆ. ತಿದ್ದಿದ್ದು ಸರಿಯಾಗಿರುತ್ತದೆ. ಅದು ಇನ್ನೂ ಕಷ್ಟ.

ಹೋದ ವಾರ ಹಿಂತಿರುಗುವಾಗ ಸಿಗ್ನಲಿನಲ್ಲಿ ಬಸ್ಸು ಬಹಳ ಹೊತ್ತು ನಿಂತಿತು. ಏಕೋ ಏನೋ, ವಿಮಾನ ನಗರದ ಜಪಾನಿ ನೆರೆಯವಳ ಕಥೆ ಅವಳಿಗೆ ಹೇಳಿದೆ. ಹೋಳಿಗೆಯ ಡಬ್ಬಿ, ಚೌಕದ ಬಟ್ಟೆ, ಬಾಗಿಲಲ್ಲಿ ಹೇಳಿದ ಉದ್ದದ ಮಾತು. ಅವಳು ಶೇಂಗಾ ಸುಲಿಯುವುದನ್ನು ನಿಲ್ಲಿಸಿ ಕೇಳಿದಳು.

"ಇಷ್ಟು ದಿನಾ ಯಾಕ ಹೇಳಲಿಲ್ರಿ ನನಗ?"

"ನಿನಗ್ಯಾಕ ಹೇಳಬೇಕು ಅಂತ ಹೇಳಲಿಲ್ಲ."

ಅವಳು ಕಿಟಕಿಯ ಹೊರಗೆ ನೋಡಿದಳು. ನೊಂದಳೋ ಏನೋ. ಬಸ್ಸು ಹೊರಟ ಮೇಲೆ ಸುಲಿದ ಶೇಂಗಾವನ್ನು ನನ್ನ ಅಂಗೈಯಲ್ಲಿ ಹಾಕಿ, "ಆಕಿ ಹೇಳಿದ್ರಾಗ ಒಂದೆರಡು ಶಬ್ದರೆ ನೆನಪದಾವೇನ್ರಿ?" ಎಂದಳು. "ಹೇಳ್ರಿ, ನಾ ಅರ್ಥ ಹೇಳ್ತೀನಿ. ನನಗೀಗ ಬರ್ತದ."

ಬರುತ್ತದೆ ಎಂದು ನನಗೂ ಗೊತ್ತಿತ್ತು. ಎಷ್ಟೋ ವರ್ಷದಿಂದ ತಿಳಿಯಬೇಕೆಂದಿದ್ದದ್ದು, ಪಕ್ಕದ ಸೀಟಿನಲ್ಲೇ ಇತ್ತು.

"ನೆನಪದ," ಎಂದೆ. "ಹೇಳೂದಿಲ್ಲ. ನಾನ ಕಲ್ತು ತಿಳಕೋತೀನಿ."

"ಎಷ್ಟು ಹಟಮಾರಿ ಅದೀರ್ರಿ ನೀವು," ಎಂದು ನಕ್ಕು, ನನ್ನ ವಹಿ ಎಳೆದುಕೊಂಡು ತಿದ್ದತೊಡಗಿದಳು. ನಾನು ಶೇಂಗಾ ತಿನ್ನುತ್ತ ಕೂತೆ. ಅಂದು ಸಂಜೆ ದೀಪದ ಮುಂದೆ ನೆನೆಯಲು ಸಾಕಷ್ಟು ಸಿಕ್ಕವು: ಬಸ್ಸಿನಲ್ಲಿ ಇಬ್ಬರಿಗೂ ಕೂರಲು ಜಾಗ ಸಿಕ್ಕಿತು, ಮಳೆ ಮನೆ ಮುಟ್ಟಿದ ಮೇಲೆ ಬಂತು, ನನ್ನ ವಹಿಯಲ್ಲಿ ತಪ್ಪು ಆರೇ ಇದ್ದವು. ಆ ಮಾತು ಇನ್ನೂ ಅವಳಿಗೆ ಗೊತ್ತಿಲ್ಲ ಎಂಬುದನ್ನೂ ಸೇರಿಸಿದೆ. ದೇವರಿಗೆ ನನ್ನ ಗುಣ ಹೊಸದೇನಲ್ಲ.